ಸಾಲಿನಲ್ಲಿ ನಿಂತ ಮಗ

ಶಿಷ್ಯ ಇಲ್ಯಾಸ್ ಕೇಳಿದ: “ಉಸ್ತಾದರೇ, ಧರ್ಮದಲ್ಲಿ ಬಲವಂತ ಕೂಡದೆಂದು ನಮ್ಮ ಗ್ರಂಥವೇ ಹೇಳುತ್ತದೆ. ಅದು ಹೊರಗಿನವರ ವಿಷಯಕ್ಕೆ ಬಂದ ಮಾತು, ಮನೆಯವರಿಗಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ನನ್ನ ತಮ್ಮ ನಮಾಜು ಬಿಟ್ಟಿದ್ದಾನೆ. ನಂಬಿಕೆಯೇ ಹೋಗಿದೆ ಎನ್ನುತ್ತಾನೆ. ಮನೆಯಿಂದ ಹೊರಗೆ ಹಾಕಿದರೆ ತಾನಾಗಿ ದಾರಿಗೆ ಬರುತ್ತಾನೆ ಎಂಬುದು ಹಿರಿಯರ ಮಾತು. ಹಾಗೆ ಮಾಡಿದರೆ ತಪ್ಪೇ?”

ಉಸ್ತಾದರು ಹೇಳಿದರು:

ಒಬ್ಬ ಅತ್ತರಿನ ವ್ಯಾಪಾರಿ ಇದ್ದ. ಒಳ್ಳೆಯವನೇ. ಐದು ಹೊತ್ತೂ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವನು. ಅವನ ಒಬ್ಬನೇ ಮಗ ಒಂದು ದಿನ, “ಅಬ್ಬಾ, ನನಗೆ ಮನಸ್ಸು ಬರುತ್ತಿಲ್ಲ. ಸುಮ್ಮನೆ ಬಗ್ಗಿ ಏಳುವುದಕ್ಕೆ ನಾಚಿಕೆಯಾಗುತ್ತದೆ. ಸ್ವಲ್ಪ ಕಾಲ ಕೊಡಿ” ಎಂದ.

ವ್ಯಾಪಾರಿಗೆ ಎದೆ ಒಡೆದಂತಾಯಿತು. ಮಗನ ಮೇಲೆ ಪ್ರೀತಿ ಇಲ್ಲದೆ ಇರಲಿಲ್ಲ, ಇದ್ದುದರಿಂದಲೇ ಹೆದರಿದ. ನಾಳೆ ದೇವರು ಕೇಳಿದರೆ ಇವನ ಪರವಾಗಿ ತಾನೇ ಉತ್ತರ ಕೊಡಬೇಕಲ್ಲ ಎಂದುಕೊಂಡ. “ಸಾಲಿನಲ್ಲಿ ನಿಂತರೆ ಮನೆಯಲ್ಲಿ ಊಟ, ಇಲ್ಲದಿದ್ದರೆ ಇಲ್ಲ” ಎಂದುಬಿಟ್ಟ. ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು ಎಂದು ಹೆಂಡತಿ ಬೇಡಿಕೊಂಡಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಸಿವು ಯಾರನ್ನು ಬಿಟ್ಟೀತು? ಮಗ ಬಂದು ನಿಂತ. ನಮಾಜಿಗೆ ಮೊದಲು ನಿಯ್ಯತ್ ಮಾಡಬೇಕು. ಅದು ಮನಸ್ಸಿನೊಳಗಿನ ಸಂಕಲ್ಪ, ಒಬ್ಬರದನ್ನು ಇನ್ನೊಬ್ಬರು ಮಾಡಲಾಗದು. ಈ ಪುಣ್ಯಾತ್ಮ ಅದನ್ನೂ ಮಗನಿಂದ ತನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ ಹೇಳಿಸಿದ. ಆ ಮಾತು ಕಿವಿಗೆ ಬಿದ್ದರೆ ಅವನಿಗೆ ಸಮಾಧಾನ. ಊರವರಂತೂ ಮಗನೆಂದರೆ ಹೀಗಿರಬೇಕು ಎಂದು ಹೊಗಳಿದ್ದೇ ಹೊಗಳಿದ್ದು. ಮಗ ಬಗ್ಗುವುದನ್ನೂ ತುಟಿ ಆಡಿಸುವುದನ್ನೂ ಚೆನ್ನಾಗಿ ಕಲಿತ.

ವರ್ಷಗಳು ಕಳೆದವು. ವ್ಯಾಪಾರಿ ಹಾಸಿಗೆ ಹಿಡಿದ. ಇನ್ನು ಏಳುವುದಿಲ್ಲವೆಂದು ಅವನಿಗೂ ತಿಳಿದಿತ್ತು. ಮಗನನ್ನು ಕರೆದು, “ನನಗಾಗಿ ದುವಾ ಮಾಡು, ಬೇಟಾ” ಎಂದ. ಮಗ ಕೈಯೆತ್ತಿದ. ತುಟಿಗಳು ಆಡಿದವು. ಕಣ್ಣಲ್ಲಿ ನೀರೂ ಬಂತು. ತಂದೆ ಆ ಮುಖವನ್ನೇ ನೋಡಿದ. ನೋಡಿದಷ್ಟೂ ಅವನಿಗೆ ಭಯ ಹೆಚ್ಚಿತು.

“ನಿಜವಾಗಿ ಬೇಡುತ್ತಿದ್ದೀಯೋ, ಇದೂ ನನ್ನ ಸಮಾಧಾನಕ್ಕೋ?” ಎಂದು ಕೇಳಿದ.

“ನಿಜವಾಗಿಯೇ ಬೇಡುತ್ತಿದ್ದೇನೆ ಅಬ್ಬಾ” ಎಂದ ಮಗ. “ಆದರೆ ನಿಮ್ಮನ್ನು ಹೇಗೆ ನಂಬಿಸಲಿ? ಮನಸ್ಸಿಲ್ಲದಾಗಲೂ ಹೀಗೇ ಬೇಡಿದ್ದೆನಲ್ಲ.”

ವ್ಯಾಪಾರಿ ಗೋಡೆಯ ಕಡೆ ಹೊರಳಿದ. ನಂಬಬೇಕೆಂದು ಅವನಿಗೆ ತುಂಬಾ ಆಸೆಯಿತ್ತು. ಆಗಲಿಲ್ಲ. ಆ ಸಂಶಯದಲ್ಲೇ ತೀರಿಕೊಂಡ.

ಉಸ್ತಾದರು ಕತೆ ನಿಲ್ಲಿಸಿದರು. ಇಲ್ಯಾಸ್ ತಡೆಯಲಾರದೆ ಕೇಳಿದ: “ಮಗನ ಆ ದುವಾ ಕಬೂಲಾಯಿತೇ, ಉಸ್ತಾದರೇ?”

“ಅದು ಆ ಮಗನಿಗೂ ದೇವರಿಗೂ ಬಿಟ್ಟದ್ದು. ನಿನ್ನ ತಮ್ಮ ಇವತ್ತು ಎಲ್ಲಿ ಉಂಡ?”