ಹಲಗೆಯವರ ಹಗೇವು

ಯಾವ ರಾಜ್ಯ ಎಂದು ಕೇಳಬೇಡಿ. ಹೆಸರು ಹೇಳಿದರೆ ಅಲ್ಲಿನವರು ಜಗಳಕ್ಕೆ ಬರುತ್ತಾರೆ. ಒಂದು ರಾಜ್ಯವಿತ್ತು, ಅಷ್ಟು ಸಾಕು.

ಆ ರಾಜ್ಯದಲ್ಲಿ ಬಾರಿಸುವವರು ಮೂರು ಬಗೆ. ಅರಮನೆಯಲ್ಲಿ ಬಾರಿಸುವವರಿಗೆ ಅರಮನೆಯ ಅನ್ನ. ಗುಡಿಯಲ್ಲಿ ಬಾರಿಸುವವರಿಗೆ ಗುಡಿಯ ಪ್ರಸಾದ. ಮೂರನೆಯವರು ಯಾರ ಆಳೂ ಅಲ್ಲ. ಮದುವೆಗೆ ಕರೆದರೆ ಹೋಗಿ ಹಲಗೆ ಬಾರಿಸಬೇಕು. ಕರೆದ ದಿನ ಹೋಳಿಗೆ, ಕರೆಯದ ದಿನ ಅಂಬಲಿ. ಇದನ್ನು ಅವರು ಸ್ವಾತಂತ್ರ್ಯ ಎನ್ನುತ್ತಿದ್ದರು.

ಉಡಚವ್ವ ಈ ಮೂರನೆಯ ಬಗೆಯವಳು. ಅವಳ ಅಣ್ಣ ದ್ಯಾಮನೂ ಅದೇ.

ಹಲಗೆಯ ಚರ್ಮ ತಂಪು ಹಿಡಿದರೆ ಸದ್ದು ಸಾಯುತ್ತದೆ. ಆಗ ಹುಲ್ಲಿಗೆ ಬೆಂಕಿ ಹಚ್ಚಿ ಅದನ್ನು ಕಾಯಿಸಬೇಕು. ಮಂಜು ಬಿದ್ದ ಒಂದು ಬೆಳಿಗ್ಗೆ ದ್ಯಾಮ ಮದುವೆ ಹಂದರದ ಹಿಂದೆ ಹುಲ್ಲು ಹಚ್ಚಿದ. ಗಾಳಿ ತಿರುಗಿತು. ಹಂದರ ಹತ್ತಿಕೊಂಡಿತು. ಮದುಮಗಳ ಅಜ್ಜಿಯ ಕೈ ಸುಟ್ಟಿತು. ದ್ಯಾಮ ಬೇಕೆಂದು ಮಾಡಿದ್ದಲ್ಲ. ಅಜ್ಜಿಯ ಕೈ ಸುಟ್ಟದ್ದೂ ಸುಳ್ಳಲ್ಲ.

ದೂರು ಪಾರುಪತ್ಯಗಾರ ಭರಮಪ್ಪನ ಕಟ್ಟೆಗೆ ಹೋಯಿತು. ರಾಜನ ಪರವಾಗಿ ದೂರು ಕೇಳುವವನು ಅವನೇ.

"ಯಾರ ಕೈಯಿಂದ ಹಾನಿಯೋ ಅವನೇ ತುಂಬಿಕೊಡಬೇಕು. ತುಂಬಾಕ ಆಗದಿದ್ರ ಹಲಗಿ ಇಟ್ಟು ಹೋಗಬೇಕು."

ದ್ಯಾಮನ ಹಲಗೆ ಭರಮಪ್ಪನ ಗೋಡೆ ಏರಿತು. ದ್ಯಾಮ ಅವನದೇ ಮನೆಗೆ ಕಲ್ಲು ಹೊರಲು ಹೋದ. ಅಜ್ಜಿಗೆ ಏನು ಸಿಕ್ಕಿತು? ಏನೂ ಇಲ್ಲ. ಆ ರಾಜ್ಯದ ನ್ಯಾಯದಲ್ಲಿ ತುಂಬುತ್ತಿದ್ದದ್ದು ನಡುವೆ ಕುಳಿತವನ ಗೋಡೆ.

ಉಡಚವ್ವ ಅಳಲಿಲ್ಲ. ಒಂದು ಗಡಿಗೆ ಹಿಡಿದು ಹಲಗೆಯವರ ಮನೆ ಮನೆಗೆ ಹೊರಟಳು.

"ಮದುವಿಗೊಂದು ಹಿಡಿ ಜೋಳ ಇದಕ್ಕ ಹಾಕ್ರಿ. ಯಾರ ಹಲಗಿಯಿಂದ ಯಾರಿಗೆ ಪೆಟ್ಟಾದ್ರೂ ಇದರಾಗಿಂದ ತುಂಬೋಣು. ಇನ್ನೊಂದು ಹಲಗಿ ಆ ಗ್ವಾಡಿ ಏರಬಾರದು."

ಮೊದಲ ಮನೆಯಲ್ಲಿ ಮುದುಕ ನಾಗ್ಯಾ ನಕ್ಕ. "ಹುಟ್ಟಿದಾಗಿಂದ ಬಾರಿಸೀನವಾ. ನನ್ನ ಹಲಗಿಗೆ ಒಂದು ಇರುವೀನೂ ಸತ್ತಿಲ್ಲ."

"ಹೋದ ವರ್ಷ ದ್ಯಾಮನೂ ಹಿಂಗ ಅಂತಿದ್ದ, ಕಾಕಾ."

ಎರಡನೆಯ ಮನೆಯಲ್ಲಿ ಸಂಕವ್ವ ಬಾಗಿಲಲ್ಲೇ ತಡೆದಳು. "ಮದುವಿಗೆ ಹೊಂಟಾಗ ಹಾನಿ ಹೆಸರು ತಗೀತಿಯಲ್ಲ, ಅಪಶಕುನ!"

"ಕಂಬಳಿ ಹೊತ್ತು ಹೊಂಟ್ರ ಮಳಿ ಬರತೈತೇನು, ಚಿಗವ್ವಾ?"

ಮೂರನೆಯ ಮನೆಯ ಫಕೀರ್ಯಾ ಕಣ್ಣು ಕಿರಿದು ಮಾಡಿದ. "ಗಡಿಗಿ ಇರೋದು ನಿನ್ನ ಮನ್ಯಾಗ. ನೀನ ರೊಟ್ಟಿ ಬಡದು ತಿಂದ್ರ?"

"ಹಂಗಾರ ನಿನ್ನ ಮನ್ಯಾಗ ಇಟಗೋ. ನಾ ದಿನಾ ಬಂದು ಇಣಿಕಿ ನೋಡ್ತೀನಿ."

"ದಿನಾ ಬರಾಕಿ ಇದ್ರ ಗಡಿಗಿ ನಿನ್ನ ಮನ್ಯಾಗ ಇರಲಿ ತಗೋ, ಯಕ್ಕಾ."

ಮೂವರೂ ಅಂದು ಹಾಕಲಿಲ್ಲ. ಅವಳು ಮರುದಿನ ಹೋದಳು. ಅದರ ಮರುದಿನವೂ ಹೋದಳು. ಕಾಟ ತಪ್ಪಿದರೆ ಸಾಕೆಂದು ಒಂದೊಂದು ಹಿಡಿ ಹಾಕಿದರು. ಒಗ್ಗಟ್ಟು ಹುಟ್ಟುವುದು ಹೆಚ್ಚಾಗಿ ಹೀಗೆಯೇ.

ಸ್ವಲ್ಪ ಕಾಲಕ್ಕೆ ಒಂದು ಮೆರವಣಿಗೆಯಲ್ಲಿ ಕುದುರೆ ಹಲಗೆ ಸದ್ದಿಗೆ ಬೆದರಿತು. ಮದುಮಗ ಬಿದ್ದ. ತೋಳು ಮುರಿಯಿತು. ಯಾರ ಹಲಗೆ? ಇರುವೆಯನ್ನೂ ಕೊಲ್ಲದ ನಾಗ್ಯಾನದು. ಗಡಿಗೆಯ ಬಾಯಿ ತೆರೆಯಿತು. ಎಲುಬು ಕಟ್ಟುವವನಿಗೆ ಕೊಡುವುದು ಅದರಿಂದಲೇ ಹೋಯಿತು, ತೋಳು ಕೂಡುವವರೆಗೆ ಮದುಮಗನ ಮನೆಗೆ ಜೋಳವೂ ಹೋಯಿತು. ನಾಗ್ಯಾನ ಹಲಗೆ ನಾಗ್ಯಾನ ಹೆಗಲಲ್ಲೇ ಉಳಿಯಿತು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ರಾಜ್ಯದ ಹಲಗೆಯವರೆಲ್ಲ ಹಿಡಿ ಹಾಕಿದರು. ಗಡಿಗೆ ಸಾಲದೆ ನೆಲ ಅಗೆದು ಕಾಳು ತುಂಬಿಡುವ ಹಗೇವು ಮಾಡಿದರು. ಹಗೇವು ತುಂಬಿತು.

ತುಂಬಿದ ಹಗೇವಿನ ವಾಸನೆ ಇಲಿಗೆ ಬೇಗ ಹತ್ತುತ್ತದೆ. ಭರಮಪ್ಪನಿಗೆ ಇಲಿಗಿಂತ ಮೊದಲೇ ಹತ್ತಿತು. ಮಗಳ ಮದುವೆಗೆ ಹಲಗೆಯವರನ್ನೆಲ್ಲ ಕರೆಸಿದ. ಬಾರಿಸಿ ಮುಗಿಸುವಷ್ಟರಲ್ಲಿ ಎರಡೂ ಕಿವಿ ಹಿಡಿದು ಕುಳಿತ.

"ಕಿವಿ ಹೋದ್ವು! ಏನೂ ಕೇಳವಲ್ದು! ಹಗೇವು ಪೂರಾ ನನಗ ಬರಬೇಕು. ಇಲ್ಲಾ, ಎಲ್ಲಾರೂ ಹಲಗಿ ಇಟ್ಟು ಹೋಗ್ರಿ!"

"ಬರೀ ಸುಳ್ಳು!" ಎಂದ ಫಕೀರ್ಯಾ.

"ಇರಬಹುದು," ಎಂದಳು ಉಡಚವ್ವ. "ಆದ್ರ ನೋಡದೇ ಸುಳ್ಳು ಅಂದ್ರ, ನಾಳೆ ಖರೇನ ಕೈ ಸುಟ್ಟಾಕಿಗೂ ಹಂಗ ಅಂತೀವಿ. ನೋಡಿ ಕೊಡೋಣು."

ರಾಜನ ಮುಂದೆ ಹೋಗಿ ಕೈಮುಗಿದಳು. "ಹೋದದ್ದು ಎಷ್ಟೋ ಅಷ್ಟು ತುಂಬೋದು ನಮ್ಮ ಕಟ್ಟಳಿ, ದೊರೀ. ಪಾರುಪತ್ಯಗಾರರ ಕಿವಿ ಎಷ್ಟು ಹೋಗ್ಯಾವ ಅಂತ ನೋಡಬೇಕಲ್ರೀ?"

ರಾಜನಿಗೆ ಬೇರೆ ಕೆಲಸವಿರಲಿಲ್ಲ. ಒಪ್ಪಿದ.

ಮೊದಲ ದಿನ ಭರಮಪ್ಪನ ಬೆನ್ನ ಹಿಂದೆ ಒಂದು ಹಲಗೆ ಬಾರಿಸಿದರು. ಅವನು ಕಣ್ಣು ಮಿಟುಕಿಸಲಿಲ್ಲ. ಎರಡನೆಯ ದಿನ ಹತ್ತು ಹಲಗೆ. ಅವನು ಮೀಸೆ ನೀವಿಕೊಂಡ. ಮೂರನೆಯ ದಿನ ರಾಜ್ಯದ ಹಲಗೆಗಳೆಲ್ಲ ಬೆಂಕಿಗೆ ಕಾದು ಬಂದವು. ಲಾಯದ ಕುದುರೆಗಳು ಹಗ್ಗ ಹರಿದವು. ರಾಜ ಕಿವಿಗೆ ಹತ್ತಿ ತುರುಕಿಕೊಂಡ. ಭರಮಪ್ಪ ಕಲ್ಲು ಬಸವನಂತೆ ಕುಳಿತೇ ಇದ್ದ. ಆಸೆ ಕೆಟ್ಟದ್ದು ನಿಜ, ಆದರೆ ತಪಸ್ಸು ಮಾಡಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಹಲಗೆಯವರ ಮುಖ ಬಾಡಿತು. ಉಡಚವ್ವನದು ಬಾಡಲಿಲ್ಲ. ಹಲಗೆ ಕೆಳಗಿಟ್ಟಳು. ರಾಜ ಹತ್ತಿ ತೆಗೆಯುವವರೆಗೆ ಕಾದಳು. ಭರಮಪ್ಪನಿಗೆ ಬೆನ್ನು ಮಾಡಿ, ತೊಟ್ಟಿಲ ಕೂಸೂ ಏಳದಷ್ಟು ಮೆಲ್ಲಗೆ ಹೇಳಿದಳು:

"ಕಿವಿ ಖರೇನ ಹೋಗ್ಯಾವ್ರಿ, ದೊರೀ. ಹಗೇವು ಅವರದ. ಆದ್ರ ಇನ್ನೊಂದು ಹಾನಿ ಆಗೇತಿ. ದೂರು ಕೇಳೋ ಕಿವಿ ಹೋದ್ರ ರಾಜ್ಯಕ್ಕೂ ನಷ್ಟ. ಅವರು ಮನ್ಯಾಗ ಆರಾಮ ಇರಲಿ. ಕಿವಿ ನೆಟ್ಟಗಿರೋ ಒಬ್ಬರನ್ನ ನಾಳೆನ ಆ ಕಟ್ಟಿ ಮ್ಯಾಲ ಕೂಡಸ್ರಿ."

"ನನ್ನ ಕಟ್ಟಿ ಮ್ಯಾಲ ಯಾವನ್ ಕೂಡ್ತಾನ!"

ಭರಮಪ್ಪ ಎದ್ದು ನಿಂತಿದ್ದ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು.

"ಯಪ್ಪಾ, ಕಿವಿ ಬಂದ್ವು!" ಎಂದ ನಾಗ್ಯಾ. "ಯಾವ ದ್ಯಾವರಿಗೆ ಹರಕಿ ಹೊತ್ತಿದ್ರಿ?"

ಕಟ್ಟೆ ಹೋಯಿತು. ದ್ಯಾಮನ ಹಲಗೆ ಗೋಡೆಯಿಂದ ಇಳಿಯಿತು. ಕೈ ಸುಟ್ಟ ಅಜ್ಜಿಯ ಮನೆಗೆ ಹಗೇವಿನಿಂದ ಒಂದು ಚೀಲ ಜೋಳ ಹೋಯಿತು, ತಡವಾಗಿ, ಆದರೂ ಹೋಯಿತು. ಭರಮಪ್ಪನಿಗೆ ರಾಜ ಹೊಸ ಕೆಲಸ ಕೊಟ್ಟ. ಮದುವೆಯಲ್ಲಿ ಎಲ್ಲಿ ಹಲಗೆ ಕಾಯಿಸಲು ಹುಲ್ಲು ಹಚ್ಚುತ್ತಾರೋ ಅಲ್ಲಿ ಕೊಡ ತುಂಬ ನೀರು ಹಿಡಿದು ನಿಲ್ಲಬೇಕು. "ಭರಮಪ್ಪಾ, ನೀರು!" ಎಂದರೆ ಒಂದೇ ಕೂಗಿಗೆ ಬರುತ್ತಿದ್ದನಂತೆ.

ನೀತಿ ಇಷ್ಟೇ, ಮಕ್ಕಳೇ. ಹಾನಿ ಒಳ್ಳೆಯವರ ಕೈಯಿಂದಲೂ ಆಗುತ್ತದೆ. ಆಗುವ ಮೊದಲೇ ಎಲ್ಲರೂ ಕೂಡಿ ಒಂದು ಹಿಡಿ ಎತ್ತಿಡಿ. ಈಗ ಹಲಗೆಯ ಜಾಗಕ್ಕೆ ಆಳೆತ್ತರದ ಸ್ಪೀಕರ್ ಹೊತ್ತ ಡಿಜೆಗಳು ಬಂದಿದ್ದಾರೆ. ಆ ಹಿಡಿಗೆ ವಿಮೆ ಎಂಬ ಹೆಸರು ಬಂದಿದೆ. ಹಂದರ ಮಾತ್ರ ಇಂದಿಗೂ ಹಾಗೆಯೇ ಹತ್ತಿಕೊಳ್ಳುತ್ತದೆ. ಇನ್ನು, ಹತ್ತು ಜನ ಕೂಡಿಟ್ಟ ಹಿಡಿಗೆ ಸುಳ್ಳು ಹೇಳಿ ಕೈ ಹಾಕುವವನು ತನ್ನ ಸುಳ್ಳಿಗೆ ತಾನೇ ಸಿಕ್ಕಿಬೀಳುತ್ತಾನೆ.

ಅವರ ಹಗೇವು ಅಲ್ಲಿ ತುಂಬಿರಲಿ. ನಮ್ಮ ಕಥೆಯ ಗಡಿಗೆ ಇಲ್ಲಿಗೆ ಬರಿದಾಯಿತು.