ಬರಿಗುಣಿ ಗುಡ್ಡ

ನಮ್ಮೂರ ಪಡುವಣಕ್ಕಿರುವ ಬರಿಗುಣಿ ಗುಡ್ಡದಲ್ಲಿ ಇಳಿಜಾರಿನಿಂದ ನೆತ್ತಿಯವರೆಗೆ ಮೊಣಕೈ ಆಳದ ಗುಣಿಗಳಿವೆ. ಮಳೆನೀರು ಇಂಗಿಸಲು ತೋಡಿದವು ಎಂದು ಓದಿಕೊಂಡವರು ಹೇಳುತ್ತಾರೆ. ನೀರಿಗಾಗಿ ಗುಡ್ಡದ ನೆತ್ತಿಯನ್ನು ತೋಡುವಷ್ಟು ದಡ್ಡರು ನಮ್ಮ ಹಿರಿಯರಲ್ಲಿ ಇರಲಿಲ್ಲ. ತೋಡಿದವಳು ಮಾಕವ್ವ, ತೋಡಿದ್ದು ಗೆಡ್ಡೆಗಾಗಿ.

ಹಿಂದೆ ಒಮ್ಮೆ, ನೇಗಿಲು ಹುಟ್ಟುವ ಮೊದಲು, ಈ ಸೀಮೆಯ ಜನ ಗೆಡ್ಡೆ, ಕಾರೆಹಣ್ಣು, ಉಡ, ಜೇನು ತಿಂದು ತಿರುಗಾಡಿಕೊಂಡಿದ್ದರು ಎನ್ನುತ್ತಾರೆ. ಗೆಡ್ಡೆ ಅಗೆದವರು ಅದರ ತಲೆ ಮುರಿದು ಅದೇ ಗುಣಿಯಲ್ಲಿ ಹೂಳಬೇಕಿತ್ತು. ಮುಂದಿನ ಮಳೆಗೆ ಬಳ್ಳಿ ತಾನೇ ಏಳುತ್ತಿತ್ತು. ಆ ಕಟ್ಟಳೆ ಕಾಯುವವಳು ಮಾಕವ್ವ. ಕೊರಲೆ ಕಾಳು ಬಿತ್ತಲು ಹೊಸದಾಗಿ ಕಲಿತ ಗಂಡಸರು, ಗುಡ್ಡಕ್ಕೆ ಬೆಂಕಿಯಿಟ್ಟು ನೆಲ ಬಿಡಿಸಿಕೊಳ್ಳಬಹುದೇ ಎಂದು ಅವಳನ್ನು ಕೇಳಿದರು. "ಸುಡ್ರಪ್ಪ, ತಲೆ ಮಣ್ಣಾಗ ಐತಿ, ಅದಕ್ಕೇನಾಗ್ತೈತಿ?" ಎಂದಳು ಮಾಕವ್ವ. ಕೇಳದೆ ಸುಟ್ಟಿದ್ದರೆ ಅವರನ್ನು ಬೈಯಬಹುದಿತ್ತು. ಅವರು ಕೇಳಿದ್ದರು.

ವರ್ಷ ವರ್ಷವೂ ಬೆಂಕಿಯಿಟ್ಟರು, ಕೊರಲೆ ಬೆಳೆಯಿತು, ಜನ ಒಂದೆಡೆ ನೆಲೆ ನಿಂತರು. ಮಾಕವ್ವನ ಮಗಳು ನೀಲಿ ದಿನವಿಡೀ ಮಂಡಿಯೂರಿ ಬಂಡೆಯ ಮೇಲೆ ಕಾಳು ಅರೆಯತೊಡಗಿದಳು. ಹಿಟ್ಟಿನ ಜೊತೆ ಕಲ್ಲಿನ ಪುಡಿಯೂ ಬಾಯಿಗೆ ಹೋಗಿ, ಮೂವತ್ತಾಗುವ ಮೊದಲೇ ಅವಳ ಹಲ್ಲು ಸವೆದವು. ಮೊದಲೆಲ್ಲ ಕೂಸು ನಾಲ್ಕು ವರ್ಷ ಮೊಲೆ ಕುಡಿದ ಮೇಲೆ ಇನ್ನೊಂದು ಹುಟ್ಟುತ್ತಿತ್ತು. ಈಗ ಗಂಜಿ ಕುಡಿಸಿ ಬೇಗ ಮೊಲೆ ಬಿಡಿಸಿದರು, ವರ್ಷಕ್ಕೊಂದು ಬಸಿರು. ಐದನೆಯ ಬಸಿರಿನಲ್ಲಿ ನೀಲಿಯ ಮುಖ ಬಿಳುಚಿದ್ದನ್ನು ಕಂಡು ಮಾಕವ್ವ ಅಗೆಯುವ ಕೋಲು ಹಿಡಿದು ಎದುರು ನಿಂತಳು.

"ಏಳ ಮಗಳ, ತಿರುಗಾಟಕ್ಕ ಹೋಗೋಣು. ಗೆಡ್ಡೆ ತಿಂದ್ರ ಮೈಯಾಗ ರಕ್ತ ತುಂಬ್ತೈತಿ."

"ಒಂದನ್ನ ಕಂಕುಳಾಗ ಹೊತ್ತೇನು, ಯವ್ವಾ. ಉಳಿದ ಮೂರನ್ನ ನಿನ್ನ ಕೋಲಿಗೆ ಕಟ್ಟಲೇನು?" ಎಂದಳು ನೀಲಿ, ಅರೆಯುವ ಕೈ ನಿಲ್ಲಿಸದೆ. "ಅಷ್ಟು ಅಕ್ಕರೆ ಇದ್ರ ನೀನ ತಂದುಕೊಡು."

ಮಾಕವ್ವ ಒಬ್ಬಳೇ ಗುಡ್ಡ ಹತ್ತಿದಳು. ತಾನು ತಲೆ ಹೂಳಿದ ಒಂದೊಂದು ಜಾಗವೂ ಅವಳಿಗೆ ನೆನಪಿತ್ತು. ಎಲ್ಲವನ್ನೂ ಅಗೆದಳು. ಬೆಂಕಿ ಮಣ್ಣಿನೊಳಗೂ ಇಳಿದಿತ್ತು. ಕೈಗೆ ಸಿಕ್ಕಿದ್ದು ಇದ್ದಿಲು. ಬರಿಗೈಯಲ್ಲಿ ಇಳಿಯಲಾರೆನೆಂದು ಅಗೆಯುತ್ತಲೇ ಹೋದಳು. ಒಂಬತ್ತನೆಯ ದಿನ ಕೆಳಗಿನಿಂದ ಅಳು ಕೇಳಿಸಿತು. ನೀಲಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅದಾದ ಮೇಲೂ ಮಾಕವ್ವ ತೋಡುವುದನ್ನು ಬಿಡಲಿಲ್ಲ, ಆ ಬರಿ ಗುಣಿಗಳಿಂದಲೇ ಗುಡ್ಡಕ್ಕೆ ಈ ಹೆಸರು ಬಂತು ಎನ್ನುತ್ತಾರೆ.

ಗುಡ್ಡದ ಬುಡದ ಹಾಸುಬಂಡೆಯಲ್ಲಿ ಇಂದಿಗೂ ಕಾಳು ಅರೆದು ನುಣುಪಾದ ಒಂದು ಕುಳಿಯಿದೆ, ಅದರ ಮುಂದೆ ಮಂಡಿಯೂರಿ ಸವೆದ ಎರಡು ತಗ್ಗುಗಳಿವೆ. ನೋಡಲು ಬಂದ ಹೆಂಗಸರು ನಗುತ್ತ ಅಲ್ಲಿ ಮಂಡಿಯೂರಿ ಫೋಟೋ ತೆಗೆಸಿಕೊಳ್ಳುತ್ತಾರೆ. ಯಾರು ಕೂತರೂ ಸರಿಯಾಗಿ ಹೊಂದುತ್ತದೆ.