ಹೆಸರು ಬಿಟ್ಟ ಡಿಸ್ಕು

ಸರ್ವಮಂಗಳಮ್ಮನವರ ಕಂಪ್ಯೂಟರಿನಲ್ಲಿ ಕಡತಗಳನ್ನಿಡಲೆಂದೇ ಎರಡು ಡಿಸ್ಕುಗಳಿದ್ದವು. ಹಿರಿಯದರ ಹೆಸರು ಡಿ, ಕಿರಿಯದರ ಹೆಸರು ಇ. ಆಕೆ ಊರೂರು ತಿರುಗಿ ಧ್ವನಿಮುದ್ರಿಸಿದ್ದ ಸೋಬಾನೆ ಹಾಡುಗಳೆಲ್ಲ ಡಿಯೊಳಗಿದ್ದವು. ಇ ಖಾಲಿಯಿತ್ತು.

ಒಂದು ದಿನ ಆಕೆ ಕಂಪ್ಯೂಟರ್ ನಡೆಸುವ ವಿಂಡೋಸ್ ತೆಗೆದು, ಡಿಸ್ಕುಗಳಿಗೆ ಇಂಥ ಅಕ್ಷರದ ಹೆಸರಿಡದ ಲಿನಕ್ಸ್ ಹಾಕಿದರು. ಇನ್ನು ಎರಡೂ ಡಿಸ್ಕುಗಳು ಒಂದೇ ಹೆಸರಿನಲ್ಲಿ ಜೋಡಿಯಾಗಿ ದುಡಿಯಬೇಕು, ಪ್ರತಿ ಹಾಡೂ ಎರಡರಲ್ಲೂ ಇರಬೇಕು ಎಂದು ನಿರ್ಧರಿಸಿದರು.

"ಅಣ್ಣಾ, ಹಾಡುಗಳನ್ನು ನನಗೆ ಕೊಡಿ. ಜೋಡಿಸುವ ಮೊದಲು ನಿಮ್ಮನ್ನು ಪೂರ್ತಿ ಅಳಿಸುತ್ತಾರಂತೆ" ಎಂದಿತು ಇ.

ಡಿ ಕೇಳಿತು, "ಹಾಡೂ ಹೋಗಿ ಹೆಸರೂ ಹೋದರೆ ನಾನು ಯಾರು?"

"ನನ್ನ ಹೆಸರೂ ಹೋಗುತ್ತದೆ, ಅಣ್ಣಾ. ಒಟ್ಟಿಗೇ ಇರೋಣ."

ಡಿ ಒಂದೊಂದೇ ಹಾಡನ್ನು ತಮ್ಮನಿಗೆ ಕೊಟ್ಟು ಬರಿದಾಯಿತು. ಜೋಡಣೆಯಾದ ಮೇಲೆ ಕಿರಿಯದು ಅವನ್ನೆಲ್ಲ ಅಣ್ಣನಿಗೆ ಮತ್ತೆ ಕಲಿಸಿತು, ತನ್ನಲ್ಲೂ ಉಳಿಸಿಕೊಂಡಿತು.

ಕೆಲವು ವರ್ಷಗಳ ಮೇಲೆ ಹಿರಿಯ ಡಿಸ್ಕು ಸವೆದು ಕೆಡುವ ಹಂತಕ್ಕೆ ಬಂತು. ಸರ್ವಮಂಗಳಮ್ಮ ಅದರ ಜಾಗಕ್ಕೆ ಹೊಸದೊಂದನ್ನು ತಂದರು. ಕಿರಿಯದು ಅತ್ತಿತು.

"ಅಳಬೇಡ ತಮ್ಮಾ" ಎಂದಿತು ಹಿರಿಯದು. "ಅಂದು ನಾನು ಬಿಗಿಹಿಡಿದು ಕೂತಿದ್ದರೆ ಇಂದು ಹಾಡುಗಳೂ ನನ್ನ ಜೊತೆಗೇ ಹೋಗುತ್ತಿದ್ದವು. ಬರುವವನು ಹೊಸಬ, ಹೆದರಿರುತ್ತಾನೆ. ಮೊದಲು ಅವನಿಗೆ ಸಣ್ಣ ಹಾಡುಗಳನ್ನು ಕಲಿಸು."